ನೀರಿಲ್ಲದ ಭಾನುವಾರ

ಜುಲೈ 13, ಭಾನುವಾರ

ಬೆಳಿಗ್ಗೆ ಗಂಜಿ. ಉಪ್ಪಿನಕಾಯಿ ಇಲ್ಲ — ಬಿಪಿಯಂತೆ. ಕಾಮಿ ತಲೆ ಬಾಚಿದಳು. ಸಿಕ್ಕು ಎಳೆದಳು ಅಂತ ಬೈದೆ. ಅವಳೂ ಬಿಡಲಿಲ್ಲ.

“ಇರೂದು ನಾಲ್ಕು ಕೂದ್ಲು. ಅದ್ರ ಸೊಕ್ಕು ಎಷ್ಟು ಅಮ್ಮ!”

ದಿನ ಸರಿಯಾಗಿ ಶುರುವಾಯಿತು.

ಸೊಂಟ ಮುರಿದು ಮಂಚ ಹಿಡಿದು ವರ್ಷವಾಯಿತು. ಅಂದಿನಿಂದ ನನ್ನ ಕೈಕಾಲೆಲ್ಲ ಈ ಕಾಮಿಯೇ. ರಾಮನಗುಳಿಯವಳು. ಗಂಡ ಇಲ್ಲ. ಮಗಳು ಪುಟ್ಟು ಅಲ್ಲೇ ಸೋದರಮಾವ ಬೀರುವಿನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಾಳೆ. ಇವಳು ಇಲ್ಲಿ ಕಾರವಾರದಲ್ಲಿ, ನನ್ನ ಮಂಚದ ಪಕ್ಕ ಚಾಪೆ ಹಾಸಿ ಮಲಗುತ್ತಾಳೆ. ಎತ್ತುವುದು, ತೊಳೆಯುವುದು, ಬೆಡ್‌ಪ್ಯಾನ್ ಇಡುವುದು — ಎಲ್ಲ ಅವಳದೇ. ಡೈಪರ್ ಹಾಕಿ ನೋಡಿದರು. ಮೈ ಹುಣ್ಣಾಯಿತು. ಬಿಟ್ಟರು.

ಮಧ್ಯಾಹ್ನ ದೇವಾನಂದನ ಫೋನು. ಕಾಮಿಯನ್ನು ಕಳಿಸಿದ ಏಜೆನ್ಸಿಯವನು. ಮುಂದಿನ ವಾರದಿಂದ, ಮನೆಯಲ್ಲೇ ಉಳಿದು ಕೆಲಸ ಮಾಡುವ ಅವರ ಜನಕ್ಕೆಲ್ಲ ಭಾನುವಾರ ರಜೆ. ಬೆಳಿಗ್ಗೆ ಹೋಗಿ ಸಂಜೆ ಬರುವುದು. ಕಡ್ಡಾಯ. ರಜೆ ಕೊಡದ ಮನೆಗೆ ಜನ ಇಲ್ಲ. ನನ್ನ ಮಗ ಮಂಗೇಶ ಫೋನನ್ನು ಸ್ಪೀಕರಿಗೆ ಹಾಕಿದ. ಹೊಟ್ಟೆ ಉರಿಯುವುದಾದರೆ ಎಲ್ಲರಿಗೂ ಸಮನಾಗಿ ಉರಿಯಲಿ ಅಂತ.

ಅದೇ ದಿನ, ಸಂಜೆ

ಹಾಲ್‌ನಲ್ಲಿ ಪಂಚಾಯ್ತಿ. ಮೇಲಿನ ಮನೆಯ ಮಂದಾಕಿನಿಯೂ ಇಳಿದು ಬಂದಳು. ಅವಳ ಮನೆಯಲ್ಲೂ ಒಬ್ಬಳು ಇದ್ದಾಳೆ. ನನ್ನ ಕಿವಿ ಇನ್ನೂ ಮುರಿದಿಲ್ಲ, ಎಲ್ಲ ಕೇಳಿಸುತ್ತದೆ.

“ಇವತ್ತು ಭಾನುವಾರ ಅಂತಾರೆ, ನಾಳೆ ಹಬ್ಬ ಅಂತಾರೆ. ಹೊರಗೆ ಹೋದ್ರೆ ನಾಲ್ಕು ಮನೆ ಸುದ್ದಿ ಕೇಳ್ಕಂಡು ಬರೂದು. ಆಮೇಲೆ ನಮ್ಮನೆ ಹಿಡ್ಸೂದಿಲ್ಲ, ನೋಡು ನೀತಾ.” ಇದು ಮಂದಾಕಿನಿ.

“ಈ ಮಳೇಲಿ ದಾರೀಲಿ ಎಂತಾದ್ರೂ ಆದ್ರೆ ಜವಾಬ್ದಾರಿ ಯಾರದ್ದು? ಹೋದವಳು ಬರದೇ ಇದ್ರೆ?” ಇದು ಮಂಗೇಶ.

ಆಮೇಲೆ ಸೊಸೆ ನೀತಾ ಮೆಲ್ಲಗೆ ಅಂದಳು: “ಭಾನುವಾರ ನಂಗೂ ಒಂದೇ ರಜೆ ಇರೂದು.”

ಅದೊಂದೇ ನಿಜವಾದ ಮಾತು. ಉಳಿದದ್ದೆಲ್ಲ ಒಗ್ಗರಣೆ. ವಾರವಿಡೀ ಸೊಸೈಟಿ ಬ್ಯಾಂಕಿನಲ್ಲಿ ಕೂತು ಬರುತ್ತಾಳೆ. ಆದರೆ ಭಾನುವಾರ ಮುದುಕಿಯನ್ನು ಎತ್ತುವವರು ಯಾರು ಅಂತ ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಮಂಗೇಶ ಎದ್ದ. ಬೈತಖೋಲ ಬಂದರಿಗೆ ಹೋಗಿ ಮೀನು ನೋಡಿಕೊಂಡು ಬರುತ್ತೇನೆ ಅಂದ. ಮಳೆಗಾಲಕ್ಕೆ ಬೋಟುಗಳೆಲ್ಲ ದಡದಲ್ಲಿ ಬಿದ್ದಿವೆ, ಮೀನು ಎಲ್ಲಿಂದ? ನನ್ನ ವಿಷಯ ಬಂದಾಗೆಲ್ಲ ಇವನಿಗೆ ಬಂಗಡೆ ನೆನಪಾಗುತ್ತದೆ.

ಕಾಮಿಯನ್ನು ಕೇಳಿದೆ — “ರಜೆ ಕೇಳಿದ್ಯೇನೇ ನೀನು?”

“ನಾ ಕೇಳ್ಲಿಲ್ಲ ಅಮ್ಮ. ಕೊಟ್ರೆ ಬೇಡ ಅನ್ನೂಕೆ ನಂಗೆಂತ ಹುಚ್ಚಾ?”

ಜುಲೈ 15

ರಜೆ ಎಂಬ ಶಬ್ದ ತಲೆಯಿಂದ ಹೋಗುತ್ತಿಲ್ಲ. ನಮ್ಮ ಕಾಲದಲ್ಲಿ ಯಾವ ದೇವಾನಂದ ಇದ್ದ? ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದೆವಲ್ಲ, ಅದೇ ರಜೆ. ಅಂಕೋಲೆಯ ಮನೆಯಲ್ಲಿ ಕಟ್ಟಿಗೆ ರಾಶಿಯ ಪಕ್ಕ ಚಾಪೆ. ಅತ್ತೆ ದೂರದಿಂದ ಅನ್ನ ಸುರಿದು ಹೋಗುತ್ತಿದ್ದಳು, ನಾಯಿಗೆ ಹಾಕಿದ ಹಾಗೆ. ಆದರೂ ಅದು ನಾನು ಬೇಯಿಸಿದ ಅನ್ನ ಅಲ್ಲ. ಹೊಟ್ಟೆನೋವಿನಲ್ಲೂ ನಿದ್ದೆ ಬರುತ್ತಿತ್ತು. ಮನೆಯೇನೂ ಮುಳುಗಲಿಲ್ಲ.

ಕಾಮಿಗೆ ಅದೂ ಇಲ್ಲ. ಬಂದ ಹೊಸತರಲ್ಲಿ ಒಮ್ಮೆ ಬಾಗಿಲಲ್ಲೇ ನಿಂತಳು. “ಹೊರಗೆ ಆಗ್ಯದೆ ಅಮ್ಮ. ಮುಟ್ಟೂದಾ ಬೇಡ್ವಾ?” ಈ ಮನೇಲಿ ಅದೆಲ್ಲ ಇಲ್ಲ, ಬಾ ಅಂದೆ. ನೀತಾಗೆ ಖುಷಿ — ಅತ್ತೆ ಸುಧಾರಿಸಿದರು ಅಂತ. ಎಂತ ಸುಧಾರಣೆ? ನನಗೆ ಪ್ಯಾನ್ ಬೇಕಿತ್ತು.

ಜುಲೈ 20, ಭಾನುವಾರ

ಕಾಮಿ ಹೋದಳು. ಹಸಿರು ಸೀರೆ. ಮುಡಿಗೆ ಅಬ್ಬಲಿಗೆ. ಮೊದಲ ಬಸ್ಸಿಗೇ.

ಪ್ಯಾನ್ ನೀತಾ ಇಟ್ಟಳು. ಕೊರೊನಾ ಕಾಲದ ಮಾಸ್ಕು ಹುಡುಕಿ ಹಾಕಿಕೊಂಡಿದ್ದಳು. ಉಸಿರು ಕಟ್ಟಿಕೊಂಡು ತೊಳೆದಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಸಮ ಆಗುತ್ತಿತ್ತು. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟದ್ದು… ಎಷ್ಟೋ ಹೊತ್ತು ನಿಲ್ಲಲೇ ಇಲ್ಲ.

ಮಧ್ಯಾಹ್ನ ಮತ್ತೆ. ಸಂಜೆ ಮತ್ತೆ. ಮೂರು ಸಲವೂ ಹೆಸರು ಹಿಡಿದು ಕರೆಯಲಿಲ್ಲ. ಸುಮ್ಮನೆ ಕೆಮ್ಮಿದೆ. ಬಂದಳು.

ನಾನು ಇವಳ ಅತ್ತೆ. ಸಾರಿಗೆ ಉಪ್ಪು ಹೆಚ್ಚಾಯಿತು ಅಂತ ಇವಳನ್ನು ಅಳಿಸಿದವಳು. ಆ ನಾನು ಇವಳ ಎದುರು ಲಂಗ ಎತ್ತಿಕೊಂಡು… ಥೂ. ಇಷ್ಟು ಸಾಕು.

ಜುಲೈ 26, ಶನಿವಾರ

ಶ್ರಾವಣ ಹಿಡಿಯಿತು. ಎಲ್ಲರನ್ನೂ ಕರೆದು ಹೇಳಿದೆ: ನಾಳೆಯಿಂದ ಶ್ರಾವಣದ ಆಯಿತವಾರ ವ್ರತ ಮಾಡುತ್ತೇನೆ. ಪ್ರತಿ ಭಾನುವಾರ ಊಟ ಇಲ್ಲ. ನೀರೂ ಇಲ್ಲ. ಇವತ್ತು ಸಂಜೆಯಿಂದಲೇ.

ಮಂಗೇಶ ಕೈಮುಗಿದ. ನೀತಾ ನನ್ನ ಮುಖ ನೋಡಿದಳು.

“ಈ ವಯಸ್ಸಲ್ಲಿ ಯಾವ ವ್ರತ ಅತ್ತೆ? ಇಷ್ಟು ವರ್ಷ ಇಲ್ಲದ್ದು?”

“ಇಷ್ಟು ವರ್ಷ ನಿಮ್ಮನ್ನೆಲ್ಲ ಸಾಕೂದೇ ವ್ರತ ಆಗಿತ್ತು.”

ಇನ್ನು ಬೋಟು ಇಳಿದರೂ ನನ್ನ ವ್ರತದಿಂದ ಭಾನುವಾರ ಮನೆಯಲ್ಲಿ ಮೀನಿಲ್ಲ. ತನ್ನನ್ನು ಕಾಡಲಿಕ್ಕೆ ಬೇಕೆಂದೇ ಮಾಡಿದ್ದು ಅಂತ ನೀತಾಳ ಲೆಕ್ಕ. ಅಂದುಕೊಳ್ಳಲಿ. ನೀರು ಕುಡಿಯದಿದ್ದರೆ ಒಂದಕ್ಕೆ ಹೋಗುವುದಿಲ್ಲ. ಹೋಗದಿದ್ದರೆ ಯಾರನ್ನೂ ಕರೆಯುವುದು ಬೇಡ. ಇಷ್ಟು ಸರಳ. ನಾಲ್ಕನೇ ಇಯತ್ತೆ ಓದಿದವಳಿಗೂ ಹೊಳೆಯುತ್ತದೆ.

ಆಗಸ್ಟ್ 3, ಭಾನುವಾರ

ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ತಲೆ ಸುತ್ತು. ಆದರೆ ಇಡೀ ದಿನ ಯಾರನ್ನೂ ಕರೆಯಲಿಲ್ಲ. ನೀತಾ ಮಧ್ಯಾಹ್ನ ಮಲಗಿ ನಿದ್ದೆ ಮಾಡಿದಳು. ಹೊರಗೆ ಮಳೆ. ಇಷ್ಟೊಂದು ನೀರು, ನನಗೆ ಒಂದು ಗುಟುಕು —

ಆಗಸ್ಟ್ 11, ಸೋಮವಾರ

ಕಾಮಿ ಕಂಡುಹಿಡಿದಳು. ಪ್ಯಾನ್ ಹಿಡಿದು ಕಿಟಕಿಯ ಬೆಳಕಿಗೆ ಒಯ್ದಳು.

“ಇದೆಂತ ಅಮ್ಮ, ಕರೀ ಚಾ ಆದ ಹಾಂಗೆ ಅದೆ? ಪ್ರತೀ ಸೋಮವಾರ ಹೀಂಗೇ.”

“ಬಾಯಿ ಮುಚ್ಚೇ. ವ್ರತ.”

“ಯಾವ ದೇವ್ರ ವ್ರತ? ನೀತಕ್ಕನ ಕೈ ಬೇಡ ಅಂದ್ಕಂಡು ನೀರು ಬಿಟ್ಟದ್ದು ಅಲ್ದಾ?”

ಅವಳ ಕೈ ಹಿಡಿದು ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಯಾರಿಗೂ ಹೇಳಬೇಡ, ಆಣೆ ಅಂದೆ.

“ಹೇಳೂದಿಲ್ಲ. ನಾ ಭಾನುವಾರ ಹೋಗೂದು ಬಿಡಲಾ?”

“ಹೋಗು. ಮಗಳ ಮುಖ ನೋಡು. ಇಲ್ಲಿ ಕೂತು ನನ್ನ ಮುಖ ಎಷ್ಟು ನೋಡ್ತಿ?”

ಹಾಗೆ ಅಂದೆ. ಅವಳು ಹೂಂ ಅಂದದ್ದೇ ತಡ, ಸಿಟ್ಟು ಬಂತು. ಇಷ್ಟು ಬೇಗ ಹೂಂ ಅನ್ನಬೇಕೇ?

ತಂಬಿಗೆ ಹಿಡಿದು ಎದುರೇ ಕೂತಳು. ಕುಡಿದು ಮುಗಿಯುವವರೆಗೆ ಏಳಲಿಲ್ಲ.

ಆಗಸ್ಟ್ 17, ಭಾನುವಾರ

ಮೈ ಬಿಸಿ. ನಡುಕ. ಕಾಮಿ ಬರುವುದು ಸಂಜೆ. ಇನ್ನೂ ಬೆಳಿಗ್ಗೆ. ಅಕ್ಷರ ಎರಡೆರಡು

ಆಗಸ್ಟ್ 31

ನಿನ್ನೆ ಆಸ್ಪತ್ರೆಯಿಂದ ತಂದರು. ಮೂತ್ರದ ಸೋಂಕು ಕಿಡ್ನಿಗೆ ಏರಿತ್ತಂತೆ. ಚೌತಿ ಅಲ್ಲೇ ಕಳೆಯಿತು. ಮನೆಯಲ್ಲಿ ಗಣಪತಿ ಬಂದು ಹೋದ, ನಾನು ನೋಡಲಿಲ್ಲ. ಕಾಮಿಯೂ ನೋಡಲಿಲ್ಲ — ಅಷ್ಟು ದಿನವೂ ನನ್ನ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ.

ಬಂದ ತಕ್ಷಣ ಮಂಗೇಶ ದೇವಾನಂದನಿಗೆ ಫೋನು ಹಚ್ಚಿದ.

“ನೋಡ್ರಿ, ನಿಮ್ಮ ರಜೆ ನಮ್ಮ ಆಯಿ ಜೀವ ತೆಗೀತಿತ್ತು. ನಾವು ಮೊದ್ಲೇ ಹೇಳಿದ್ದೆವು. ಭಾನುವಾರ ನೋಡೂರು ಇಲ್ಲದೇ ಹೀಂಗಾದ್ದು.”

ನೀತಾ ಅತ್ತಳು. ತಾನು ನೋಡಿಕೊಳ್ಳಲಿಲ್ಲ ಅಂತ ಊರು ಆಡಿಕೊಳ್ಳುತ್ತದೆ ಅಂತ. ಮಂದಾಕಿನಿ ಮೇಲಿನಿಂದ ಬಂದು, ನಾ ಹೇಳಿರ್ಲಿಲ್ವಾ ಅಂತ ಹೇಳಿ ಚಾ ಕುಡಿದು ಹೋದಳು.

ದೇವಾನಂದ ಕೊನೆಗೆ ಸಡಿಲಾದ. ಕಾಮಿ ತಾನಾಗಿ ಒಪ್ಪಿದರೆ ರಜೆ ಬೇಡ ಅಂದ. ಫೋನು ಅವಳ ಕೈಗೆ ಕೊಟ್ಟರು. ಅವಳು ನನ್ನನ್ನು ನೋಡಿದಳು. ಅವಳ ಒಂದು ಮಾತಿಗೆ ಎಲ್ಲ ಬಯಲಾಗುತ್ತಿತ್ತು. ನಾನು ಫ್ಯಾನ್ ನೋಡಿದೆ.

“ಆಯ್ತು. ನಾ ಹೋಗೂದಿಲ್ಲ” ಅಂದಳು.

ಇನ್ನು ಭಾನುವಾರವೂ ಕಾಮಿ. ಇದನ್ನೇ ಅಲ್ಲವೇ ನಾನು ಬಯಸಿದ್ದು? ಇಡೀ ದಿನ ಎಂತದೂ ರುಚಿಸಲಿಲ್ಲ.

ಸೆಪ್ಟೆಂಬರ್ 3

ಕಾಮಿ ತಲೆ ಬಾಚುತ್ತಾಳೆ, ಬೈಯುವುದಿಲ್ಲ. ಸಿಕ್ಕು ಎಳೆದರೂ ನಾನೂ ಬೈಯುವುದಿಲ್ಲ. ಕುಡೀರಿ ಅಂದರೆ ಕುಡಿಯುತ್ತೇನೆ. ತಿರುಗಿ ಅಂದರೆ ತಿರುಗುತ್ತೇನೆ.

ಇವತ್ತು ಅಡುಗೆಮನೆಯಲ್ಲಿ ಸ್ಪೀಕರ್ ಹಾಕಿ ಫೋನಿನಲ್ಲಿ ಮಾತಾಡಿದ್ದು ಕೇಳಿಸಿತು. ಪುಟ್ಟು ದೊಡ್ಡವಳಾಗಿದ್ದಾಳೆ. ಬೀರುವಿನ ಹೆಂಡತಿ ಹೇಳುತ್ತಿದ್ದಳು — ಭಾನುವಾರ ನೀರು ಹಾಕಿ ಆರತಿ. ಮುಂದೂಡುವ ಹಾಗಿಲ್ಲ, ಆಚೆಗೆ ಪಿತೃಪಕ್ಷ. ತಾಯಿ ಬಂದು ಹೂ ಮುಡಿಸಬೇಕು ಅಂತ ಹುಡುಗಿ ಒಂದೇ ಹಟವಂತೆ.

“ನೋಡ್ವ” ಅಂದಳು ಕಾಮಿ. ನನ್ನ ಹತ್ತಿರ ಬಂದು ಚಾದರ ಬದಲಿಸಿದಳು.

ಸೆಪ್ಟೆಂಬರ್ 5

ನಾನೇ ಬಾಯಿ ತೆಗೆದೆ. “ರಜೆ ಕೇಳೇ ಮಾರಾಯ್ತಿ. ನಾಡಿದ್ದು ಒಂದು ದಿನ.”

“ಕೇಳಿದ್ರೆ ಎಂತ ಹೇಳ್ತಾರೆ? ಅವತ್ತು ನೀ ಇಲ್ಲದೇ ಹೀಂಗಾಯ್ತು, ಮತ್ತೆ ಹೋಗ್ತ್ಯಾ ಅಂತಾರೆ. ಅಲ್ಲ, ಹಾಂಗಲ್ಲ ಅನ್ನೂಕೆ ನಿಮ್ಮ ಗುಟ್ಟು ನಾ ಹೇಳಬೇಕು. ಆಣೆ ಹಾಕಿದ್ದು ನೀವು.”

“ಆಣೆ ಬಿಟ್ಟೆ.”

“ನಾ ಹೇಳಿದ್ರೆ ನಂಬೂರು ಯಾರು ಅಮ್ಮ? ಕೆಲಸದವಳು ರಜೆಗೆ ಸುಳ್ಳು ಕಟ್ಟಿದ್ಲು ಅಂತಾರೆ.”

ಸರಿಯೇ. ಹೇಳಬೇಕಾದವಳು ನಾನು.

ಸೆಪ್ಟೆಂಬರ್ 6, ಶನಿವಾರ

ಸಂಜೆ ಮಂಗೇಶನನ್ನು ಕರೆದೆ. ನಾಳೆ ಕಾಮಿಯನ್ನು ಕಳಿಸು, ಮಗಳ ಆರತಿ ಅಂದೆ.

“ನಾ ಬೇಡ ಅಂತೇನೂ ಇಲ್ಲ ಆಯಿ. ಆದ್ರೆ ನಿನ್ನ ಜೀವ ಮೊದ್ಲು. ಅವಳಿಲ್ಲದಿದ್ರೆ ನೀ ನೀರೇ ಕುಡಿಯೂದಿಲ್ಲ.”

“ಕುಡೀತೆ. ಹೇಳಿದೆನಲ್ಲ, ಕುಡೀತೆ.”

“ಹಂಗಾದ್ರೆ ಶ್ರಾವಣದಲ್ಲಿ ಎಂತಕ್ಕೆ ಕುಡೀಲಿಲ್ಲ? ನಿಜ ಹೇಳು.”

ನೀತಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನನ್ನ ತೊಳೆದ ಲಂಗ, ಮಡಿಸುತ್ತಿದ್ದಳು. ಕಾಮಿ ಅವಳ ಹಿಂದೆ. ಇಬ್ಬರೂ ಕಾಯುತ್ತಿದ್ದರು. ನಿನ್ನ ಹೆಂಡತಿ ಎದುರು ಬತ್ತಲಾಗಲು ನಾಚಿಕೆಯಾಯಿತು ಮಗಾ — ಇಷ್ಟೇ ಹೇಳಬೇಕಿತ್ತು. ಇಡೀ ಜನ್ಮ ಊರಿಗೆಲ್ಲ ಮುಖದ ಮೇಲೆ ಹೊಡೆದ ಹಾಗೆ ಮಾತಾಡಿದ ನಾಲಿಗೆ.

“ವ್ರತ” ಅಂದೆ.

“ನೋಡು ಮತ್ತೆ” ಅಂದ ಮಂಗೇಶ. “ನಾಳೆ ಇನ್ಯಾವುದೋ ವ್ರತ ಹಿಡೀತಿ. ಬೇಡ. ಅವಳು ಇಲ್ಲೇ ಇರ್ಲಿ.”

ಎದ್ದು ಹೋದ. ಬೈತಖೋಲಕ್ಕೆ.

ಕಾಮಿ ಗಂಜಿ ತಂದಳು. ಚಮಚ ಬಾಯಿಗೆ ಇಡುವಾಗ ಒಂದು ತೊಟ್ಟೂ ಚೆಲ್ಲಲಿಲ್ಲ. ಚೆಲ್ಲಿದ್ದರೆ ಬೈಯಬಹುದಿತ್ತು.

ಸೆಪ್ಟೆಂಬರ್ 7, ಭಾನುವಾರ, ಬೆಳಿಗ್ಗೆ

ಕಾಮಿ ಹಸಿರು ಸೀರೆ ಉಟ್ಟಿದ್ದಾಳೆ. ಎಲ್ಲಿಗೂ ಹೋಗುವುದಿಲ್ಲ, ಆದರೂ ಉಟ್ಟಿದ್ದಾಳೆ. ಎದ್ದ ಕೂಡಲೇ ತಂಬಿಗೆ ತುಂಬ ನೀರು ಕುಡಿಸಿದಳು. ಆಮೇಲೆ ಚಾ. ಆಮೇಲೆ ಎಳನೀರು — ಡಾಕ್ಟರು ಹೇಳಿದ್ದಾರೆ. ಎಲ್ಲ ಕುಡಿದೆ.

ಈಗ ಅಡುಗೆಮನೆಯಲ್ಲಿ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಇಟ್ಟಿದ್ದಾಳೆ. ವಿಡಿಯೋ ಕಾಲ್. ಮಂಚದಿಂದ ಅವಳ ಬೆನ್ನು ಮಾತ್ರ ಕಾಣುತ್ತದೆ. ರಾಮನಗುಳಿಯ ಹೆಂಗಸರ ಹಾಡು ಫೋನಿನೊಳಗಿನಿಂದ ಬರುತ್ತಿದೆ, ಹರಿದು ಹರಿದು.

“ಕಾಣ್ತದ್ಯನೇ ಕಾಮಿ?” ಇದು ಬೀರುವಿನ ಹೆಂಡತಿ.

“ಕಾಣ್ತದೆ. ಹೂವಿನ ದಂಡೆ ಎಡಕ್ಕೆ ಜಾರ್ತದೆ ನೋಡು. ಪಿನ್ ಹಾಕು. ಅಲ್ಲಲ್ಲ, ಒಳಗಿಂದ… ಪುಟ್ಟು, ತಲೆ ಎತ್ತು ಮಗಾ. ಇತ್ಲಾಗೆ ನೋಡು.”

ಗಾಳಿಯಲ್ಲೇ ಕೈ ಎತ್ತಿ ಹೂ ಮುಡಿಸಿ ತೋರಿಸುತ್ತಿದ್ದಾಳೆ.

ನನಗೆ ಪ್ಯಾನ್ ಬೇಕು.

ಆಗಲೇ ಬೇಕಾಗಿತ್ತು. ತಡೆದೆ. ಒಮ್ಮೆ ಕೆಮ್ಮಿದರೆ ಸಾಕು, ಎಲ್ಲ ಬಿಟ್ಟು ಓಡಿ ಬರುತ್ತಾಳೆ. ಅದೇ ಭಯ. ಕೆಮ್ಮು ಬರುತ್ತಿದೆ, ಸೆರಗು ಬಾಯಿಗೆ ತುರುಕಿಕೊಂಡಿದ್ದೇನೆ. ಬರೆಯುತ್ತಿದ್ದರೆ ಮರೆಯುತ್ತದೆ ಅಂತ ಬರೆಯುತ್ತಿದ್ದೇನೆ. ಮರೆಯುವುದಿಲ್ಲ.

ಆರತಿ ಹಚ್ಚಿದರು. ಹಾಡು ಏರಿತು. ಕಾಮಿಯ ಬೆನ್ನು ಅಲುಗುತ್ತಿದೆ. ಅಳುತ್ತಾಳೋ, ಹಾಡುತ್ತಾಳೋ.

ಗ್ಯಾಲರಿಯಲ್ಲಿ ನೀತಾ ತಲೆಗೆ ಮಿಂದು ಕೂದಲು ಒಣಗಿಸುತ್ತಿದ್ದಾಳೆ. ಬಿಸಿಲಿಗೆ ಬೆನ್ನು ಕೊಟ್ಟು. ಅವಳ ಒಂದೇ ರಜೆ. ಇಲ್ಲಿಂದ ಕರೆದರೆ ಕೇಳಿಸುತ್ತದೆ. ಕೆಮ್ಮಬಾರದು, ಕೆಮ್ಮಿದರೆ ಕಾಮಿ ಬರುತ್ತಾಳೆ. ಹೆಸರು ಹಿಡಿದೇ ಕರೆಯಬೇಕು. ಈ ಕೆಲಸಕ್ಕೆ ಆ ಹೆಸರು ನನ್ನ ಬಾಯಿಂದ ಇದುವರೆಗೆ ಬಂದಿಲ್ಲ.

ಇನ್ನು ಆಗದು. ಹಾಡು ಮುಗಿದಿಲ್ಲ. ಕರೆಯುತ್ತೇನೆ. ಮೆಲ್ಲಗೆ, ಕಾಮಿಗೆ ಕೇಳಿಸದ ಹಾಗೆ — ನೀತಾ