ಸೋಪು ಮೆತ್ತಿದ ದೋಣಿ

ಭಾವನವರಿಗೆ ನಮಸ್ಕಾರ.

ಅಕ್ಷರ ಸೊಟ್ಟಗಿದೆ, ತಪ್ಪೂ ಇರಬಹುದು, ಕ್ಷಮಿಸಿ. ಎದುರು ನಿಂತು ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ನೀವು ರಿಪೇರಿಗೆ ಬಿಟ್ಟ ಹಳೆಯ ಮೋಟಾರು ದೋಣಿ ನೋಡಿದೆ. ಇಂಜಿನ್ ಬಿಚ್ಚಿ ಬೇರೆ ದೋಣಿಗೆ ಹಾಕಬಹುದು. ತಳದ ಹಲಗೆಯಂತೂ ಕೊಳೆತ ಹಣ್ಣಿನ ಹಾಗೆ, ಬೆರಳಿಟ್ಟರೆ ಒಳಗೆ ಹೋಗುತ್ತದೆ. ಬಣ್ಣ ಕೆರೆದರೆ ಬಿರುಕಿನ ತುಂಬ ಬಟ್ಟೆ ಸೋಪು, ಅದರ ಹಿಂದೆ ಹುಳು. ಆ ವಾಸನೆಗೆ ಊಟ ಸೇರಲಿಲ್ಲ.

ನಿನ್ನೆ ಕೇಳಿದ್ದಕ್ಕೆ, "ಮೆತ್ತಿದ್ದು ನಾನೇ ಕಣೋ. ಮೇಲೊಂದು ಕೈ ಬಣ್ಣ ಹೊಡಿ, ಯಾರಿಗೆ ಗೊತ್ತಾಗುತ್ತೆ" ಎಂದು ನಕ್ಕಿರಿ. ಅದೇ ದೋಣಿಯಲ್ಲಿ ಅಕ್ಕ ಮಗುವನ್ನು ಎತ್ತಿಕೊಂಡು ದಿನವೂ ನದಿ ದಾಟುತ್ತಿದ್ದಳು. ನಿಮ್ಮ ನಗು ನೆನೆದರೆ ಹೇಸಿಗೆಯಾಗುತ್ತದೆ.

ಸೇತುವೆ ದೂರವಾದರೂ ಅವಳನ್ನು ಬಸ್ಸಿನಲ್ಲೇ ಕಳಿಸಿ. ಇವತ್ತು ಬೆಳಿಗ್ಗೆ ತಳದಲ್ಲಿ ನನ್ನ ತಲೆ ತೂರುವಷ್ಟು ತೂತು ಕೊಯ್ದಿದ್ದೇನೆ. ಅದಕ್ಕೆ ಸೋಪು ಸಾಲದು.

ಇಂತಿ,
ನಿಮ್ಮ ಭಾಮೈದ