ಮೂರು ದಿನ, ಲಿಸ್ಬನ್ ಸುದ್ದಿಯಿಲ್ಲದೆ

ಗುರುವಾರ, ಮೇ 9. ಬೆಳಿಗ್ಗೆ 11

ಗಡ್ಡ ಹೆರೆದದ್ದಾಯಿತು. ನೀಲಿ ಟೈ. ಪೋರ್ತೊದ ಕೋಣೆ ಪರವಾಗಿಲ್ಲ, ಕಿಟಕಿಯೂ ಇದೆ. ಬರೆಯುವುದನ್ನು ಬಾಯಲ್ಲೂ ಹೇಳುತ್ತಿದ್ದೇನೆ. ಮೂವತ್ತು ವರ್ಷ ಕರಡು ತಿದ್ದಿದವನ ಚಾಳಿ. ಪಕ್ಕದ ಕೋಣೆಯವರು ಕ್ಷಮಿಸಲಿ.

ಶರತ್ತು ಇಷ್ಟೇ. ಕಳೆದ ತಿಂಗಳು ಬಿಸಿನೀರ ಬುಗ್ಗೆಯಲ್ಲಿ ಮಂಡಿನೋವಿಗೆಂದು ಕೂತಿದ್ದಾಗ, ಅಲ್ಲೇ ಪರಿಚಯವಾದ ಪೋರ್ತೊದ ಎರ್ಮೆಲಿಂದಾಳನ್ನು ಕೇಳಿದೆ: ಮದುವೆಯಾಗಿ ಲಿಸ್ಬನ್ನಿಗೆ ಬರ್ತೀರಾ?

"ಮದುವೆಗೆ ಹ್ಞೂಂ. ಊರಿನ ವಿಷಯ ಬೇರೆ," ಅಂದಳು. "ಮೂರು ದಿನ ಪೋರ್ತೊಗೆ ಬನ್ನಿ. ತಿನ್ನಿ, ತಿರುಗಿ. 'ನಮ್ಮ ಲಿಸ್ಬನ್ನಿನಲ್ಲಿ' ಅನ್ನೋ ಮಾತು ಒಂದು ಸಲವೂ ಬರದಿದ್ರೆ ನಾನೇ ಗಂಟು ಕಟ್ಕೊಂಡು ಬರ್ತೀನಿ. ಬಂತೋ, ನೀವೇ ಇಲ್ಲಿಗೆ."

ಮೂರೇ ದಿನ! ನಾಲಿಗೆ ನನ್ನದೇ ತಾನೆ. ಅವಳ ಬಟ್ಟೆಗೆಂದು ಅರ್ಧ ಬೀರು ಖಾಲಿ ಮಾಡಿಯೇ ಬಂದಿದ್ದೇನೆ.

ಸಂಜೆ 4

ಊಟಕ್ಕೆ ಕರುಳು, ಬಿಳಿ ಬೀನ್ಸ್ ಕಾಳಿನ ಜೊತೆ. ತಟ್ಟೆ ನೋಡಿದ್ದೇ ನನ್ನ ಕರುಳು ಚುರ್ ಎಂದಿತು. ಬಂಧುವನ್ನು ಗುರುತಿಸಿರಬೇಕು.

ನಾವು ಲಿಸ್ಬನ್ನಿನವರು ಇವರನ್ನು ಕರುಳುಬಾಕರು ಎನ್ನುತ್ತೇವೆ. ಇವರಿಗೆ ನಾವು ಲೆಟಿಸ್ ಸೊಪ್ಪಿನವರು. ಹೋಟೆಲಿನ ಬೆಲ್ಮಿರು ಸೌಟು ಹಿಡಿದು ನಿಂತ. "ಇನ್ನೊಂದಿಷ್ಟು ಹಾಕ್ಲಾ ಸೊಪ್ಪಣ್ಣಾ? ಇಲ್ಲಾ ಮೇಯೋಕೇ ಏನಾದ್ರೂ ತರ್ಲಾ?"

"ಹಾಕಿ," ಎಂದೆ. ರುಚಿಯಾಗಿತ್ತು. ಅದೇ ಸಂಕಟ.

ಶುಕ್ರವಾರ, ಮೇ 10

ಗೋಪುರ. ಇನ್ನೂರಕ್ಕೂ ಮಿಕ್ಕಿ ಮೆಟ್ಟಿಲು. ಅವಳು ಏರಿದಳು, ನಾನು ಏದಿದೆ.

ಆಮೇಲೆ ಕಬ್ಬಿಣದ ಸೇತುವೆ. ಕೆಳಗೆ ದೋರು ನದಿ.

"ಹೇಗಿದೆ ರೀ?"

"ನೀರಿದೆ."

"ಅಷ್ಟೇನಾ?"

"ಎರಡು ದಡವೂ ಇದೆ."

ಕಡಲಿನಂತೆ ಹರಡುವ ನಮ್ಮ ತೇಜು ನದಿ ಗಂಟಲವರೆಗೆ ಬಂದಿತ್ತು... ನುಂಗಿದೆ. ಅವಳು ನಗಲಿಲ್ಲ. ಬಹಳ ಹೊತ್ತು ನೀರನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಫ್ರಾನ್ಸೆಸಿನ್ಯಾ. ಬ್ರೆಡ್ಡಿನ ನಡುವೆ ಮೂರು ಬಗೆ ಮಾಂಸ, ಮೇಲೆ ಚೀಸ್, ಅದರ ಮೇಲೆ ಬಿಸಿ ಗೊಜ್ಜಿನ ಪ್ರವಾಹ. ಗೊಜ್ಜಿಗೆ ಏನೇನು ಹಾಕುತ್ತೀರಿ ಎಂದು ಕೇಳಿದೆ. "ನಮ್ಮಮ್ಮನಿಗೇ ಹೇಳಿಲ್ಲ," ಎಂದ ಬಡಿಸುವವ.

ಎರಡು ದಿನ ದಾಟಿತು. ಒಂದು ಉಳಿಯಿತು. ಬೀರುವಿಗೆ ಹೊಸ ಹ್ಯಾಂಗರು ಬೇಕು.

ಶನಿವಾರ, ಮೇ 11. ಸಂಜೆ, ರೈಲಿನಲ್ಲಿ

ಸೋತೆ.

ಹೊರಡುವ ಮುಂಚೆ ಅವಳ ಮನೆಯಲ್ಲಿ ಕಾಫಿ. ಪಕ್ಕದಲ್ಲಿ ಒಂದು ಪಾಸ್ತೆಲ್, ಮೊಟ್ಟೆಯ ಕಸ್ಟರ್ಡ್ ತುಂಬಿದ ಸಿಹಿ. ಕಚ್ಚಿದೆ. ತಪ್ಪು ಕಂಡರೆ ಸುಮ್ಮನಿರುವ ಕಸುಬಲ್ಲ ನನ್ನದು.

"ಇದೊಂದು ಪಾಸ್ತೆಲ್ಲಾ? ನಮ್ಮ ಲಿಸ್ಬನ್ನಿನಲ್ಲಿ ಇದನ್ನ ಪಾರಿವಾಳಕ್ಕೂ ಹಾಕಲ್ಲ ರೀ! ನಮ್ಮ ಬೀದಿ ಫೆಲಿಸ್ಮಿನಾ ಅಂಗಡೀದು ತಿಂದು ನೋಡ್ಬೇಕು ನೀವು..."

ಮಾತು ಹೊರಗೆ. ಹಲ್ಲು ಕಚ್ಚಿದ್ದು ಆಮೇಲೆ.

ಅವಳು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಒಳಗಿಂದ ಒಂದು ಡಬ್ಬಿ ತಂದಿಟ್ಟಳು. ಮೇಲೆ ಫೆಲಿಸ್ಮಿನಾ ಅಂಗಡಿಯ ಹೆಸರು, ನನ್ನ ಬೀದಿಯ ವಿಳಾಸ.

"ಅಣ್ಣನ ಮಗಳು ಗುರುವಾರ ಅಲ್ಲಿಂದ ತಂದಿದ್ದು. ನಿಮ್ಮದೇ ರೀ ಇದು. ಎರಡು ದಿನ ಹಳೇದು, ಅಷ್ಟೆ."

"ಮೋಸ ಇದು!"

"ಡಬ್ಬಿ ನಂದು. ಬಾಯಿ ಯಾರದು?"

ಆಮೇಲೆ ದನಿ ತಗ್ಗಿತು. "ಗೆದ್ದೇಬಿಡ್ತೀರೇನೋ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ. ಈ ನದಿ ಬಿಟ್ಟಿರೋಕೆ ನನ್ನ ಕೈಲಾಗಲ್ಲ."

"ಮತ್ತೆ ಶರತ್ತು ಯಾಕೆ ಹಾಕಿದ್ರಿ?"

"ನಿಮ್ಮನ್ನ ಬಿಡೋಕೂ ಆಗ್ಲಿಲ್ವಲ್ಲ. ನಿಮ್ಮ ಬಾಯಿ ಮೇಲೆ ನಂಬಿಕೆ ಇತ್ತು."

ಉಳಿದ ಪಾಸ್ತೆಲ್ಲುಗಳನ್ನು ರೈಲಿಗೆ ಕಟ್ಟಿಕೊಟ್ಟಿದ್ದಾಳೆ. ಎರಡು ತಿಂದೆ. ಅಷ್ಟೇನೂ ಕೆಟ್ಟದ್ದಲ್ಲ.

ಭಾನುವಾರ, ಜೂನ್ 30. ಲಿಸ್ಬನ್

ಅರ್ಧ ಬೀರು ಮೊದಲೇ ಖಾಲಿ ಇತ್ತು. ಇಂದು ಉಳಿದರ್ಧ.

ಶುಕ್ರವಾರ, ಸೆಪ್ಟೆಂಬರ್ 6. ಪೋರ್ತೊ, ಬೆಳಿಗ್ಗೆ 9

ಅಡುಗೆಮನೆಯ ಮೇಜು. ಕಿಟಕಿಯಲ್ಲಿ ನದಿ. ಒಲೆಯ ಮುಂದೆ ಎರ್ಮೆಲಿಂದಾ ಒಣಮೀನಿನ ಬೋಂಡಾ ಕರಿಯುತ್ತಿದ್ದಾಳೆ. ಕಾಫಿ ಕುಡಿದೆ. ಚೆನ್ನಾಗಿದೆ. ಆದರೂ ನಮ್ಮ—

"ನಮ್ಮ ಅಂದ್ರೆ ಯಾವೂರ್ರೀ?"

ಬಾಯಲ್ಲಿ ಹೇಳಿಕೊಂಡು ಬರೆಯುವ ಚಾಳಿ ಇನ್ನೂ ಹೋಗಿಲ್ಲ. ಅವಳು ಇತ್ತ ತಿರುಗಿದ್ದಾಳೆ. ಕೈಯಲ್ಲಿ ಜಾಲರಿ ಸೌಟು. ನಮ್ಮ ಅಂದರೆ... ಇರು ಮಾರಾಯ್ತಿ, ಬರೆಯುತ್ತಿದ್ದೇನೆ... ನಮ್ಮ ಈ—