ಬಿಸಿನೀರಿನ ಸದ್ದು

ಜೂನ್ 3, ಬೆಳಿಗ್ಗೆ

ಕನ್ನಡಿಯ ಪ್ರಶ್ನೆ ಮತ್ತೆ ಬಂದಿದೆ. ಎಡ ಬಲ ಅದಲುಬದಲಾಗುತ್ತದೆ, ತಲೆ ಕಾಲು ಯಾಕೆ ಆಗುವುದಿಲ್ಲ? ಉತ್ತರ ಬರೆದು ಬರೆದು ಬೆರಳು ಸವೆದಿದೆ — ಕನ್ನಡಿ ಎಡಬಲ ಬದಲಿಸುವುದೇ ಇಲ್ಲ ಮಾರಾಯರೇ, ಹಿಂದುಮುಂದು ಬದಲಿಸುತ್ತದೆ. ಓದುತ್ತಾರೆ, ತಲೆಯಾಡಿಸುತ್ತಾರೆ, ಮುಂದಿನ ತಿಂಗಳು ಅದನ್ನೇ ಕೇಳುತ್ತಾರೆ. ವಾರಪತ್ರಿಕೆಗೆ ವಿಜ್ಞಾನದ ಪ್ರಶ್ನೋತ್ತರ ಅಂಕಣ ಬರೆಯುವವನ ಹಣೆಬರಹ. ಸಂಪಾದಕರ ಫೋನು ಬೇರೆ. "ಏನಾದ್ರೂ ಹೊಸದು ಕೊಡ್ರೀ. ಓದುಗರು ಆಕಳಿಸ್ತಿದ್ದಾರೆ." ಹಳೆಯದನ್ನು ಕಳಿಸುತ್ತಿರುವುದೂ ಆ ಓದುಗರೇ ಎಂದೆ. ಫೋನ್ ಇಟ್ಟುಬಿಟ್ಟರು.

ಹೊರಗಿನದು ಸಾಲದು ಎಂದು ಮನೆಯೊಳಗೂ ಒಂದು ಪ್ರಶ್ನೆ ವಿಭಾಗ. ಅತ್ತೆ. ಹೆಂಡತಿಯ ತಾಯಿ. ಕಣ್ಣು ಹದಗೆಟ್ಟ ಮೇಲೆ ನಮ್ಮಲ್ಲೇ ಇದ್ದಾರೆ. ಅಂಚಿನಲ್ಲಿರುವುದು ಕಾಣುತ್ತದೆ, ನಟ್ಟ ನಡುವೆ ಇರುವುದು ಕಾಣದು. ಓದಲಾಗದು, ಟಿವಿ ಆಗದು. ಹಾಗಾಗಿ ನಾನು.

"ಅಳಿಯಂದ್ರೆ, ಪುರುಸೊತ್ತಾಗಿದ್ದೀರಾ?"

ಇಲ್ಲ ಎನ್ನಲು ಅಳಿಯನಾದವನಿಗೆ ಬಾಯಿ ಬರುವುದಿಲ್ಲ.

"ಟೀ ಕಲಕಿದ್ರೆ ಟೀ ಸೊಪ್ಪು ಅಂಚಿಗೆ ಹೋಗ್ಬೇಕಲ್ವಾ? ಗಿರಗಿರ ತಿರುಗಿದ್ದೆಲ್ಲ ಹೊರಗಡೆಗೆ ತಾನೇ ಹೋಗೋದು? ಇದು ಯಾಕೆ ನಡುವಿಗೆ ಬಂದು ಕೂರುತ್ತೆ?"

ವಿವರಿಸಿದೆ. ತಳದ ನೀರು ಲೋಟಕ್ಕೆ ಉಜ್ಜಿಕೊಂಡು ನಿಧಾನವಾಗುತ್ತದೆ, ಒಳಮುಖವಾಗಿ ಹರಿಯುತ್ತದೆ, ಸೊಪ್ಪನ್ನು ಗುಡಿಸಿಕೊಂಡು ನಡುವಿಗೆ ತರುತ್ತದೆ. ಕೇಳಿ, "ಅಂದ್ರೆ ನನ್ನ ಮಗಳು ಕಸ ಗುಡಿಸಿದ ಹಾಗೆ. ಮಧ್ಯಕ್ಕೆ ತಂದು ಅಲ್ಲೇ ಬಿಟ್ಟು ಹೋಗೋದು" ಎಂದರು.

ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು. ಬರೆದುಕೊಳ್ಳಲಿಲ್ಲ. ಹಠ.

ಜೂನ್ 5, ಮಧ್ಯಾಹ್ನ

ಗಂಟಲು ಕೆಟ್ಟಿದೆ. ಊಟದ ಮೇಲೆ ಲೋಟಕ್ಕೆ ನೀರು ಬಗ್ಗಿಸಿಕೊಂಡೆ. ಪಕ್ಕದ ಕೋಣೆಯಿಂದ ಅತ್ತೆ — "ಅಷ್ಟು ಬಿಸಿ ಕುಡೀಬೇಡಿ ಅಳಿಯಂದ್ರೆ, ನಾಲಿಗೆ ಸುಡುತ್ತೆ."

ಬಿಸಿಯೇ ಇತ್ತು. ಹೇಗೆ ಗೊತ್ತಾಯ್ತು ಎಂದೆ.

"ಸದ್ದಲ್ಲಿ. ತಣ್ಣೀರು ಗಲಗಲ ಅನ್ನುತ್ತೆ, ಬಿಸಿನೀರು ಮೆತ್ತಗೆ ಬೀಳುತ್ತೆ. ಯಾಕೆ ಹಾಗೆ?"

ಹಾಗೇನೂ ಇಲ್ಲ ಎಂದೆ. ಕಿವಿಗೆ ಶಾಖ ತಿಳಿಯುವುದಿಲ್ಲ. ಕೆಟಲ್ ಟಕ್ಕೆಂದು ಆಫ್ ಆದದ್ದು ಕೇಳಿಸಿರುತ್ತದೆ, ಉಳಿದದ್ದು ಊಹೆ. ಅತ್ತೆ ಒಪ್ಪುವವರಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಇಡೀ ನೌಕರಿ ಮುಗಿಸಿದವರು. "ಹಲೋ ಅಂದ್ರೆ ಸಾಕು, ಆ ಕಡೆಯವ್ರಿಗೆ ಊಟ ಆಗಿದ್ಯೋ ಇಲ್ವೋ ಹೇಳ್ತಿದ್ದೆ" ಅಂತ ಶುರು. ಅದಕ್ಕೂ ಇದಕ್ಕೂ ಎತ್ತಣ ಸಂಬಂಧ.

"ಯೋಚನೆ ಮಾಡಿ ಹೇಳಿ. ಅವಸರ ಇಲ್ಲ."

ಅವರಿಗೆ ಇಲ್ಲ. ನನಗೆ ಗುರುವಾರ ಅಂಕಣ ಕೊಡಬೇಕು.

ಜೂನ್ 7, ಸಂಜೆ

ಹೆಂಡತಿ ಡ್ಯೂಟಿ ಮುಗಿಸಿ ಬರುವಾಗ ಚೀಲದ ತುಂಬ ಮಗ್ ತಂದಳು. ರಬ್ಬರಿನಂಥದ್ದು, ಮೆತ್ತಗೆ, ಅಗಲ ಬಾಯಿ. ಒಳಗೆ ಕುದಿನೀರಿದ್ದರೂ ಕೈಗೆ ತಾಗದು. ಬಿದ್ದರೆ ಒಡೆಯದು, ಪುಟಿಯುತ್ತದೆ. ಉದ್ದನೆಯ ಸ್ಟೀಲ್ ಲೋಟಗಳನ್ನೆಲ್ಲ ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಏರಿಸಿದಳು. ಇಷ್ಟೆಲ್ಲ ಯಾಕೆ ಎಂದದ್ದೇ ತಪ್ಪಾಯಿತು. ಅವಳು ಸುಟ್ಟಗಾಯದ ವಾರ್ಡಿನ ನರ್ಸು.

"ನಿಮಗೆ ಬಿಸಿನೀರು ಅಂದ್ರೆ ಪಾಠ. ನನಗೆ ಸುಲಿದು ಬಂದ ಚರ್ಮ. ನಾನು ದಿನಾ ನೋಡೋದು ಅದನ್ನೇ ರೀ."

ಸಮಾಧಾನಕ್ಕೆ ಮಗ್ ಹೊಗಳಿದೆ, ಶಾಖ ಹೇಗೆ ಹರಿಯುತ್ತದೆ ಎಂದು ಎರಡು ಮಾತು ಸೇರಿಸಿದೆ. ಯಾರೂ ಕೇಳಿರಲಿಲ್ಲ. ಅತ್ತೆ ಒಂದನ್ನು ಕೈಗೆತ್ತಿಕೊಂಡು ಬೆರಳಲ್ಲಿ ತಟ್ಟಿದರು.

"ಇದು ಮೂಕ."

ನಾವಿಬ್ಬರೂ ನಕ್ಕೆವು.

ಜೂನ್ 8, ಬೆಳಿಗ್ಗೆ ಎಂಟು

ಅತ್ತೆ ಕೈ ಸುಟ್ಟುಕೊಂಡರು. ಟೀ ಮಾಡಿಕೊಳ್ಳಲು ಕೆಟಲ್‌ನಿಂದ ಮಗ್ಗಿಗೆ ಸುರಿದಿದ್ದಾರೆ, ತುಂಬಿದರೂ ನಿಲ್ಲಿಸಿಲ್ಲ. ಮಗ್ ಹಿಡಿದಿದ್ದ ಎಡಗೈ ಮೇಲೆ ಹರಿದಿದೆ. ಕೆಂಪಾಗಿದೆ, ಹೆಬ್ಬೆರಳ ಬುಡದಲ್ಲಿ ಗುಳ್ಳೆ. ಹೆಂಡತಿ ನಲ್ಲಿಯ ಕೆಳಗೆ ಕೈ ಹಿಡಿಸಿ ನಿಲ್ಲಿಸಿದ್ದಾಳೆ. ಮುಖ ಬಿಳಿಚಿದೆ — ಅತ್ತೆಯದಲ್ಲ, ಇವಳದು.

"ನೋಡ್ಕೊಂಡು ಸುರೀಬಾರ್ದಾ ಅಮ್ಮ?"

"ನೋಡೋಕೆಲ್ಲಿ ಆಗುತ್ತೆ. ಅದು ಮಾತಾಡ್ಲಿಲ್ಲ ಕಣೇ."

"ಯಾರು?"

"ಮಗ್ಗು."

ಹೆಂಡತಿ ನನ್ನ ಕಡೆ ನೋಡಿದಳು. ಆ ನೋಟ ನನಗೆ ಹಿಡಿಸಲಿಲ್ಲ.

ಜೂನ್ 9

ಹೊಸ ಕಾನೂನು. ಕೆಟಲ್ ಬೀರುವಿನೊಳಗೆ, ಕೀಲಿ ಇವಳ ಹ್ಯಾಂಡ್‌ಬ್ಯಾಗಿನೊಳಗೆ.

"ಅಮ್ಮ, ಇನ್ಮೇಲೆ ಅಡುಗೆಮನೆಗೆ ಕಾಲಿಡಕೂಡದು."

"ಒಂದು ಲೋಟ ಟೀ ಕಣೇ. ಅಷ್ಟೇ ನಾನು ಮಾಡ್ಕೊಳ್ಳೋದು."

"ಫ್ಲಾಸ್ಕಲ್ಲಿ ಇಟ್ಟಿರ್ತೀನಿ. ಇವ್ರು ಬಗ್ಗಿಸಿ ಕೊಡ್ತಾರೆ."

"ಅವ್ರಿಗೆ ಕೆಲ್ಸ ಇರುತ್ತೆ."

"ಹಾಗಾದ್ರೆ ಕಾಯಿ."

ಅತ್ತೆ ಎದ್ದು ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಬಾಗಿಲಲ್ಲಿ ನಿಂತು, "ಹೂದಾನಿ ಥರ ಇಟ್ಬಿಡಿ ನನ್ನ. ನೀರು ನೀವೇ ಹಾಕಿ" ಎಂದರು. ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ವಾಸಿಯಿತ್ತು.

ಜೂನ್ 17, ಸಂಜೆ

ಬರೆಯದೆ ಎಷ್ಟೋ ದಿನವಾಯಿತು. ಬರೆಯುವಂಥದ್ದೇನೂ ಆಗಲಿಲ್ಲ, ಅದೇ ತೊಂದರೆ. ಮನೆ ಸ್ತಬ್ಧ. "ಅಳಿಯಂದ್ರೆ" ಇಲ್ಲ. ಅಂಕಣ ಗಡುವಿಗೆ ಮೊದಲೇ ಮುಗಿಯುತ್ತಿದೆ, ಸಪ್ಪೆಯಾಗಿ ಮುಗಿಯುತ್ತಿದೆ. ಇಷ್ಟು ಕಾಲ ಹಾರೈಸಿದ್ದು ಈ ನಿಶ್ಶಬ್ದವನ್ನೇ. ಸಿಕ್ಕಿದೆ. ಸುಡಲಿ.

ಫ್ಲಾಸ್ಕಿನ ಟೀ ಹಾಗೇ ಉಳಿಯುತ್ತದೆ. ಕೊಡಲೇ ಎಂದರೆ "ಬೇಡ ಅನ್ನಿಸ್ತು". ಇವತ್ತು ನಾನೇ ನಾಚಿಕೆ ಬಿಟ್ಟು ಕೇಳಿದೆ — ಅತ್ತೆ, ನೀರು ಕುದಿಯೋಕೆ ಮುಂಚೆ ಅಷ್ಟು ಗಲಾಟೆ ಮಾಡುತ್ತೆ, ಕುದಿ ಬಂದ ಮೇಲೆ ಯಾಕೆ ದನಿ ತಗ್ಗಿಸುತ್ತೆ?

"ನಿಮಗೆ ಗೊತ್ತೇ ಇರುತ್ತಲ್ಲ" ಎಂದು ಮಗ್ಗುಲಾದರು.

ಗೊತ್ತು. ತಳದಲ್ಲಿ ಹುಟ್ಟಿದ ಆವಿಯ ಗುಳ್ಳೆ ಮೇಲಿನ ತಣ್ಣನೆ ನೀರಿಗೆ ಸಿಕ್ಕಿ ಪಟಪಟ ಕುಸಿಯುತ್ತದೆ, ಅದರ ಗದ್ದಲ. ಎಲ್ಲಾ ಬಿಸಿಯಾದ ಮೇಲೆ ಕುಸಿಯುವುದಿಲ್ಲ. ಗೊತ್ತಿರುವುದನ್ನು ಹೇಳಲು ಯಾರೂ ಇಲ್ಲದಿದ್ದರೆ ಅದೊಂದು ಅಜೀರ್ಣ.

ಅಡುಗೆಮನೆಯಲ್ಲಿ ಹೆಂಡತಿ ಪಿಸುಗುಟ್ಟಿದಳು. "ಸೋಮವಾರ ರಜೆ ಹಾಕಿದೀನಿ. ಅಮ್ಮನ್ನ ಮರೆವಿನ ಡಾಕ್ಟರಿಗೆ ತೋರಿಸ್ತೀನಿ. ಮಗ್ಗು ಮಾತಾಡ್ಲಿಲ್ಲ ಅಂದ್ಲಲ್ಲ ರೀ... ಈಗ ನೋಡಿ, ಮಾತೇ ಇಲ್ಲ. ಬುದ್ಧಿ ಹೋಗೋದು ಶುರುವಾಗೋದು ಹೀಗೇ. ವಯಸ್ಸಾದವರನ್ನ ಇಟ್ಕೊಳ್ಳೋ ಮನೆ ಒಂದಿದೆ, ನಮ್ಮ ವಾರ್ಡಿನ ಸಿಸ್ಟರ್ ಹೇಳ್ತಿದ್ರು. ಒಳ್ಳೇ ಜಾಗವಂತೆ."

ಅವಳ ಕಣ್ಣು ತುಂಬಿತ್ತು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಜೂನ್ 18, ಮಧ್ಯಾಹ್ನ

ಬೆಳಿಗ್ಗೆ ಕೂತು ಯೋಚಿಸಿದೆ. ಅತ್ತೆ ಬುದ್ಧಿ ಕೆಟ್ಟು ಹೇಳಿದ್ದಾರೋ, ನೆಟ್ಟಗೆ ಹೇಳಿದ್ದಾರೋ? ಪರೀಕ್ಷಿಸದೆ "ಹಾಗೇನೂ ಇಲ್ಲ" ಎಂದವನು ನಾನು. ವಿಜ್ಞಾನ ಬರೆಯುತ್ತೇನಂತೆ.

ಪಾತ್ರೆಯಲ್ಲಿ ನೀರು ಕಾಯಿಸಿದೆ. ಒಂದು ಜಗ್ ಬಿಸಿ, ಅಂಥದ್ದೇ ಇನ್ನೊಂದು ತಣ್ಣಗೆ. ಅಟ್ಟದಿಂದ ಸ್ಟೀಲ್ ಲೋಟ ಇಳಿಸಿದೆ, ಸೊಂಟ ಹಿಡಿದುಕೊಂಡಿತು. ಒಂದೇ ಎತ್ತರದಿಂದ ಸುರಿದು ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿದೆ, ಬಿಸಿ, ತಣ್ಣಗೆ, ಹಿಂದುಮುಂದಾಗಿ. ಯಾವುದು ಯಾವುದೆಂದು ನನಗೂ ತಿಳಿಯದಂತೆ ರೆಕಾರ್ಡಿಂಗ್‌ಗಳನ್ನು ಕಲಸಿಟ್ಟೆ. ಅತ್ತೆಯ ಕೋಣೆಗೆ ಹೋಗಿ, "ಒಂದು ಸಹಾಯ ಆಗ್ಬೇಕು" ಎಂದೆ.

ಕೇಳಿದರು. "ತಣ್ಣಗೆ. ಬಿಸಿ. ಬಿಸಿ. ತಣ್ಣಗೆ. ಇದೂ ಬಿಸಿ, ಸ್ವಲ್ಪ ಆರಿದೆ."

ಒಂದೂ ತಪ್ಪಲಿಲ್ಲ. ಅದು ಹೋಗಲಿ. ಕಣ್ಣು ಮುಚ್ಚಿ ನಾನು ಕೇಳಿದೆ. ನಾನೂ ತಪ್ಪಲಿಲ್ಲ. ಒಂದು ಗಲಗಲ, ಇನ್ನೊಂದು ಮೆತ್ತಗೆ. ಸಣ್ಣವನಿದ್ದಾಗಿನಿಂದ ಈ ಸದ್ದುಗಳು ಕಿವಿ ಮೇಲೆ ಬೀಳುತ್ತಲೇ ಇವೆ. ಕೇಳಿಸಿಕೊಂಡಿರಲಿಲ್ಲ. ಯಾಕೆ ಹೀಗೆ ಎಂದು ಹುಡುಕಿದರೆ ಬಿಸಿಗೆ ನೀರಿನ ಅಂಟು ತಗ್ಗುತ್ತದೆ ಎನ್ನುವವರಿದ್ದಾರೆ, ಗುಳ್ಳೆಯ ಗಾತ್ರ ಬದಲಾಗುತ್ತದೆ ಎನ್ನುವವರಿದ್ದಾರೆ. ಅವರವರಲ್ಲೇ ಜಗಳ.

"ಅಂದ್ರೆ ಇದು ನನ್ನ ಭ್ರಮೆ ಅಲ್ಲ" ಎಂದರು ಅತ್ತೆ. ತುಂಬ ದಿನದ ಮೇಲೆ ನೆಟ್ಟಗೆ ಕೂತಿದ್ದರು.

"ಅಲ್ಲ ಅತ್ತೆ. ಹಾಗಾದ್ರೆ ಅವತ್ತು ಯಾಕೆ ಚೆಲ್ಲಿತು?"

"ಹೇಳಿದ್ನಲ್ಲ. ಅದು ಮಾತಾಡ್ಲಿಲ್ಲ. ಲೋಟ ಆದ್ರೆ ತುಂಬ್ತಾ ತುಂಬ್ತಾ ದನಿ ಏರಿಸುತ್ತೆ, ಸಾಕು ಸಾಕು ಅಂತ. ಇದು ತುಟಿ ಬಿಚ್ಚಲಿಲ್ಲ."

ನಾನೊಬ್ಬ ಶತದಡ್ಡ.

ಜೂನ್ 19, ಸಂಜೆ

ಸಿಂಕಿನ ಮುಂದೆ ನಿಂತೆ. ಕಣ್ಣಿಗೆ ಟವೆಲ್ ಕಟ್ಟಿಕೊಂಡು, ತಣ್ಣೀರಲ್ಲಿ. ಸ್ಟೀಲ್ ಲೋಟ — ನೀರು ಏರಿದಂತೆ ಮೇಲೆ ಉಳಿದ ಗಾಳಿ ಗಿಡ್ಡವಾಗುತ್ತದೆ, ಸ್ವರ ಏರುತ್ತದೆ. ಶಾಲೆಯಲ್ಲೇ ಹೇಳಿಕೊಡುತ್ತಾರೆ. ಅಂಚಿನ ಹತ್ತಿರ ನಿಲ್ಲಿಸಿದೆ, ಸರಿಯಾಗಿ. ಆಮೇಲೆ ರಬ್ಬರ್ ಮಗ್. ಅಗಲ ಬಾಯಿ, ಮೆತ್ತನೆ ಗೋಡೆ. ಥಪಥಪ ಥಪಥಪ, ಮೊದಲಿಂದ ಕೊನೆಯವರೆಗೆ ಅದೇ. ನೀರು ಮಣಿಕಟ್ಟಿನ ಮೇಲೆ ಹರಿದು ತೋಳಿನೊಳಗೆ ಇಳಿದಾಗಲೇ ತಿಳಿದದ್ದು. ಮತ್ತೆ ಮಾಡಿದೆ. ಮತ್ತೆ ಒದ್ದೆ.

ಕಣ್ಣಿದ್ದವರಿಗೆ ಅದು ಸುರಕ್ಷಿತ ಮಗ್. ಕಿವಿಯಿಂದ ಬದುಕುವವರ ಕಿವಿಗೆ ಹತ್ತಿ ತುರುಕಿದ್ದೇವೆ.

ಟವೆಲ್ ಬಿಚ್ಚಿದರೆ ಹೆಂಡತಿ ಬಾಗಿಲಲ್ಲಿ. ಡ್ಯೂಟಿಯ ಬಟ್ಟೆಯಲ್ಲೇ ಇದ್ದಾಳೆ.

"ಏನ್ರೀ ಇದು?"

ಏನಿಲ್ಲ ಎಂದೆ. ಹೊಟ್ಟೆಯವರೆಗೆ ಒದ್ದೆಯಾದವನು ಏನಿಲ್ಲ ಎಂದರೆ ಯಾರು ನಂಬುತ್ತಾರೆ. ಆದರೆ ಹೇಗೆ ಹೇಳಲಿ? ಅಮ್ಮ ಸುಟ್ಟುಕೊಳ್ಳದಿರಲಿ ಎಂದು ಅವಳು ಅಂಗಡಿ ಅಂಗಡಿ ಅಲೆದು ತಂದದ್ದೇ ಅಮ್ಮನ ಕೈ ಸುಟ್ಟಿತು ಎಂದು. ನಾಳೆ ಹೇಳುತ್ತೇನೆ.

ಜೂನ್ 20

ಹೇಳಿದೆ. ಕೆಟ್ಟದಾಗಿ ಹೇಳಿದೆ. ಲೋಟದೊಳಗಿನ ಗಾಳಿಯ ಕಂಬದಿಂದ ಶುರುಮಾಡಿದೆ.

"ಅಂದ್ರೆ ನಾನೇ ಸುಟ್ಟೆ ಅಂತೀರಾ?"

"ಹಾಗಲ್ಲ."

"ಮತ್ತೆ ಹೇಗೆ?"

ಮಗ್ ಹೊಗಳಿ ಶಾಖದ ಪಾಠ ಹೇಳಿದವನು ನಾನೇ, ಅದನ್ನಾದರೂ ಹೇಳಬೇಕಿತ್ತು. ಹೊಳೆಯುವಷ್ಟರಲ್ಲಿ ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು. ಬಹಳ ಹೊತ್ತು ನಲ್ಲಿಯ ಸದ್ದು. ತಣ್ಣೀರು. ಈಗ ಇದೊಂದು ರೋಗ ನನಗೆ.

ಹೊರಗೆ ಬಂದವಳು ನೇರ ಸಿಂಕಿಗೆ ಹೋದಳು. ಟವೆಲ್ ಕಟ್ಟಿಕೊಂಡಳು. ಲೋಟ ತುಂಬಿಸಿದಳು, ನಿಲ್ಲಿಸಿದಳು. ಮಗ್ ತುಂಬಿಸಿದಳು, ಕೈ ತುಂಬ ಹರಿಯಿತು. ಜಗ್ ಹಿಡಿದುಕೊಂಡು ಹಾಗೇ ನಿಂತಿದ್ದಳು, ಟವೆಲ್ ಬಿಚ್ಚಲೇ ಇಲ್ಲ.

"ಅವಳು ಸರಿಯಾಗೇ ಹೇಳಿದ್ಲು ಅಲ್ವಾ ರೀ. ನಾನು ಹುಚ್ಚು ಅಂದ್ಕೊಂಡೆ. ನನ್ನ ಅಮ್ಮನ್ನ."

"ನಾನು ಊಹೆ ಅಂದೆ. ಇಬ್ಬರೂ ಅಷ್ಟೇ."

ಸೋಮವಾರದ ಡಾಕ್ಟರು ಬೇಡ ಎಂದಳು. ಆ ಮನೆಯ ಮಾತೂ ಬೇಡ. ಕೆಟಲ್ ಮಾತ್ರ ಇನ್ನೂ ಯೋಚಿಸಬೇಕಂತೆ. "ಗೊತ್ತಾಗೋದು ಬೇರೆ, ಸುಡೋದು ಬೇರೆ." ಅದೂ ನಿಜ. ಅರ್ಧ ದಿನ ವಾದ. ಕೊನೆಗೆ — ಕೂತೇ ಸುರಿಯಬೇಕು, ಲೋಟ ತಟ್ಟೆಯೊಳಗಿರಬೇಕು, ಲೋಟ ಹಿಡಿದುಕೊಂಡು ಸುರಿಯಕೂಡದು, ಕೆಟಲ್ ಅರ್ಧ ಮಾತ್ರ. ಅತ್ತೆ ಎಲ್ಲ ಕೇಳಿ, "ಆಸ್ಪತ್ರೆಗೆ ಸೇರಿಸ್ಕೊಳ್ಳೋವಾಗ್ಲೂ ಇಷ್ಟು ಷರತ್ತಿಲ್ಲ" ಎಂದರು.

ಸಂಪಾದಕರ ಫೋನು. ಎತ್ತಲಿಲ್ಲ.

ಜೂನ್ 22, ಬೆಳಿಗ್ಗೆ

ಸೋಮವಾರ. ಹೆಂಡತಿಗೆ ರಜೆ. ನಾನು ಹೊರಗಿನ ಕೋಣೆಯಲ್ಲಿ ಕೂತಿದ್ದೇನೆ, ಅಂಕಣ ಬರೆಯುವ ನೆಪದಲ್ಲಿ ಇದನ್ನು ಬರೆಯುತ್ತ. ಅಡುಗೆಮನೆಯ ಮೇಜಿನಲ್ಲಿ ಅತ್ತೆ. ಬಾಗಿಲಿಗೆ ಒರಗಿ ಇವಳು, ಎರಡೂ ಕೈ ಹಿಂದೆ ಕಟ್ಟಿಕೊಂಡು. ಮುಂದೆ ಚಾಚಿಬಿಡುತ್ತೇನೆಂಬ ಭಯ ಇರಬೇಕು.

ಕೆಟಲ್ ಗದ್ದಲ ಮಾಡಿತು. ತಗ್ಗಿತು. ಟಕ್.

ಸುರಿಯುತ್ತಿದ್ದಾರೆ. ಬಿಸಿಯದೇ, ಮೆತ್ತಗಿದೆ. ಸ್ವರ ಏರುತ್ತಿದೆ. ಇನ್ನೂ. ಸಾಕು ಅತ್ತೆ... ನಿಂತಿತು.

ಯಾರೂ ಚೀರಲಿಲ್ಲ. ಇನ್ನೊಂದು ಲೋಟ. ಏರಿತು, ನಿಂತಿತು. ಮತ್ತೊಂದು. ತಮಗೊಬ್ಬರಿಗೇ ಅಲ್ಲ, ನಮಗೂ ಮಾಡುತ್ತಿದ್ದಾರೆ. ಷರತ್ತಿನಲ್ಲಿ ಇದು ಇರಲಿಲ್ಲ. ಹೆಂಡತಿ ತಡೆಯಲಿಲ್ಲ. ಅವಳ ಬೆನ್ನು ಮಾತ್ರ ಕಾಣುತ್ತಿದೆ ನನಗೆ, ಅಲುಗುತ್ತಿದೆ. ಸದ್ದಿಲ್ಲದೆ ಅಳುವುದರಲ್ಲಿ ವಾರ್ಡಿನಲ್ಲಿ ಪಳಗಿದವಳು. ಆದರೂ ಒಮ್ಮೆ ಮೂಗು ಎಳೆದುಕೊಂಡಳು, ಅಷ್ಟೇ.

ಅತ್ತೆಯ ಕಿವಿಗೆ ಅಷ್ಟು ಸಾಕಾಯಿತು.

"ಅಳಿಯಂದ್ರೆ, ಪುರುಸೊತ್ತಾಗಿದ್ದೀರಾ? ಅಳೋದು ಕಣ್ಣು, ಮೂಗು ಯಾಕೆ ಸೋರುತ್ತೆ?"

ಇದು ಗೊತ್ತು ನನಗೆ. ಕಣ್ಣಿನ ಮೂಲೆಯಿಂದ ಮೂಗಿಗೆ ಒಂದು ಸಣ್ಣ ನಾಳ ಇದೆ, ಹೆಚ್ಚಾದ ಕಣ್ಣೀರು ಅದರಲ್ಲಿ ಇಳಿದು... ಕರೆಯುತ್ತಿದ್ದಾರೆ. ಟೀ ಆರುತ್ತದಂತೆ. ಉಳಿದದ್ದನ್ನು ಅಲ್ಲೇ ಹೋಗಿ ಹೇಳುತ್ತೇನೆ.